ಬೆಕ್ಕು ಇದ್ದ ಮನಿ, ಬಸುರಿ ಇದ್ದ ಮನಿ

ಹೋದ ತಿಂಗಳ ನಮ್ಮ ಬೀಗತಿ ಫೋನ್ ಮಾಡಿದ್ರು. ಸೊಸಿಗೆ ಮೂರು ತಿಂಗಳು ಅಂತ ಗೊತ್ತಾಗಿ ಆಗಿನ್ನೂ ನಾಕು ದಿನಾ ಆಗಿತ್ತು. ಸಂತೋಷದ ಮಾತೆಲ್ಲಾ ಮುಗದ ಮ್ಯಾಲೆ ದನಿ ಸಣ್ಣ ಮಾಡಿ, "ಅಕ್ಕಾರ, ತಪ್ಪ ತಿಳಕೋಬ್ಯಾಡ್ರಿ. ಆ ಬೆಕ್ಕುಗಳನ್ನ ಎಲ್ಲೆರೆ ಬಿಟ್ಟ ಬರ್ರಿ. ಬಸುರಿ ಇದ್ದ ಮನ್ಯಾಗ ಬೆಕ್ಕು ಇರಬಾರದಂತ" ಅಂದ್ರು. "ನೋಡೂಣ್ರಿ" ಅಂದೆ. ಫೋನ್ ಇಟ್ಟ ಮ್ಯಾಲೆ ಭಾಳ ಹೊತ್ತು ಅಡಗಿಮನ್ಯಾಗ ಹಂಗ ನಿಂತಿದ್ದೆ. ಯಾಕಂದ್ರ ಈ ಮಾತು ನಾ ಮೊದಲನೇ ಸಲ ಕೇಳಿದ್ದಲ್ಲ. 1990ರಾಗ ನನಗ ಮೂರು ತಿಂಗಳಿದ್ದಾಗನೂ ಇದ ಮಾತು ನಮ್ಮ ಮನ್ಯಾಗ ಆಗಿತ್ತು.

ಬಂದು ಹೋದವರಿಗೆ ಗೊತ್ತದ, ಈಗ ನಮ್ಮಲ್ಲೆ ನಾಕು ಬೆಕ್ಕು, ಒಂದು ನಾಯಿ ಅವ. ಬೆಕ್ಕುಗಳು ಚಿನ್ನಿ, ಮಂಗಳಿ, ಗುಂಡ, ಕರಿಯ, ನಾಯಿ ರಾಜಾ. ಬಂದವರು ಮೊದಲ ಮೂಗು ಎತ್ತಿ ನೋಡತಾರ, ವಾಸನಿ ಬರತದೇನಂತ. ಆಮ್ಯಾಲೆ ಕೇಳತಾರ, "ಇಷ್ಟು ಸಾಕಿನೂ ಮನಿ ಹೆಂಗ ಸ್ವಚ್ಛ ಇಟಗೊಂಡೀರಿ?" ಉತ್ತರ ಬರೀಬೇಕಂತ ಕುಂತರ ಅದು ನಮ್ಮತ್ತಿಯವರ ಬೂದಿ ಬುಟ್ಟಿಯಿಂದ ಸುರು ಆಗತದ. ಅದಕ್ಕ ಇವತ್ತು ಬರೇ ಉಪಾಯ ಅಲ್ಲ, ಅದರ ಇತಿಹಾಸನೂ ಹೇಳತೀನಿ. ಸ್ವಲ್ಪ ಉದ್ದ ಆಗತದ, ಚಹಾ ಮಾಡಿಕೊಂಡು ಕೂಡ್ರಿ.

ನಾ ಲಗ್ನಾಗಿ ಹೋದದ್ದು ನವಲಗುಂದ ಕಡೆ ಒಂದು ಹಳ್ಳಿಗೆ. ಎರಿ ಹೊಲ, ಜ್ವಾಳ, ಕಡ್ಲಿ, ಹತ್ತಿ. ಮನ್ಯಾಗ ಗಂಗಿ ಅಂತ ಬೂದಿ ಬಣ್ಣದ ಹೆಣ್ಣ ಬೆಕ್ಕಿತ್ತು. ಹೊಸಾ ಸೊಸಿ ಮಗ್ಗಲ ಬಂದು ಮೊದಲ ಕುಂತದ್ದು ಅದ. ನನಗ ಮೂರು ತಿಂಗಳು ಅಂತ ಗೊತ್ತಾದ ವಾರನ ನಮ್ಮತ್ತಿ ಆಳಮನಶಾನ ಕರದು, ಗಂಗೀನ್ನ ಜ್ವಾಳದ ಚೀಲದಾಗ ಹಾಕಿಸಿ ಬೆಣ್ಣಿಹಳ್ಳದ ಆಚಿ ಬಿಟ್ಟ ಬರಲಿಕ್ಕೆ ಹೇಳಿದ್ರು. ಚೀಲದಾಗ ಅದು ಒದರೋದು ನನಗ ಕೇಳಸತಿತ್ತು. ನಾ ಒಳಗ ಅಕ್ಕಿ ಆರಿಸಿಕೋತ ಕುಂತಿದ್ದೆ, ಒಂದು ಮಾತು ಆಡಲಿಲ್ಲ. ಮೂರನೇ ದಿನಾ ಮುಂಜಾನೆ ಗಂಗಿ ಹಿತ್ತಲ ಗೋಡಿ ಮ್ಯಾಲೆ ಕುಂತಿತ್ತು, ಮೈಯೆಲ್ಲಾ ಕೆಸರು. ಅವತ್ತ ಸಂಜೀಕ ಮತ್ತ ಚೀಲಾ ತಂದ್ರು. ಈ ಸಲ ಚಕ್ಕಡ್ಯಾಗ ಹಾಕಿಕೊಂಡು ದೂರ ಒಯ್ದ್ರು. ಆಮ್ಯಾಲೆ ಅದು ಬರಲಿಲ್ಲ.

ನಮ್ಮತ್ತಿ ಕೆಟ್ಟವರಿದ್ದಿಲ್ಲ. ಅಷ್ಟ ಅಲ್ಲ, ಪ್ರಾಣಿ ಇದ್ದ ಮನಿ ಸ್ವಚ್ಛ ಇಡೋದು ನಾ ಕಲತದ್ದ ಅವರ ಕಡಿಂದ. ಆ ಮನಿ ಹೆಂಗಿತ್ತು ಹೇಳತೀನಿ. ನಮ್ಮ ಕಡೆ ಹಳೇ ಮನಿಗಳೊಳಗ ತಲಬಾಗಲಾ ದಾಟಿದ ಕೂಡ್ಲೇ ದನದ ಜಾಗ, ಅದರ ಮುಂದ ಪಡಸಾಲಿ. ಮಂದಿ, ಎತ್ತು, ಆಕಳು ಎಲ್ಲಾ ಒಂದ ಸೂರಿನ ಕೆಳಗ. ಆದ್ರ ದನದ ಜಾಗ ತಗ್ಗಿನ್ಯಾಗ, ಪಡಸಾಲಿ ಎರಡು ಮೆಟ್ಟಲ ಎತ್ತರ. ಗಂಜಲ ಹರದು ಹೊರಗ ಹೋಗತದ, ಮ್ಯಾಲೆ ಬರಂಗಿಲ್ಲ. ಅಡಗಿಮನಿ ಇನ್ನೂ ಒಳಗ. ಪ್ರಾಣಿ ಜೋಡಿ ಬದುಕಬೇಕು, ಆದ್ರ ಒಂದೊಂದಕ್ಕ ಒಂದೊಂದು ಗೆರಿ ಇರಬೇಕು ಅನ್ನೋದನ್ನ ಕಟ್ಟಿದವರು ಮೆಟ್ಟಲದಾಗ ಬರದಿಟ್ಟಿದ್ರು.

ಬೆಕ್ಕಿಗೆ ಮಾತ್ರ ಆ ಗೆರಿ ಇದ್ದಿಲ್ಲ, ಅದು ಅಟ್ಟದ ತನಕಾ ಹೋಗತಿತ್ತು. ಅದಕ್ಕ ಬೆಕ್ಕಿಗಂತ ನಮ್ಮತ್ತಿ ಬ್ಯಾರೆ ನೇಮ ಮಾಡಿದ್ರು. ಅದರ ಹಾಲಿನ ಬಟ್ಟಲಾ ಹಿತ್ತಲ ಬಾಗಲದಾಗ, ಎಂದೂ ಒಲಿ ಕಡೆ ಬರಬಾರದು. ಅದು ಮಲಗಿದ ಕೌದಿ ವಾರಕ್ಕೊಂದು ಸಲ ಬಿಸಲಿಗೆ. ಅದು ಎಲ್ಲೆರೆ ಹೊಲಸು ಮಾಡಿದ್ರ ಕಂಡ ಕೂಡ್ಲೇ ಒಲಿ ಬೂದಿ ಹಾಕಿ, ಮುಚ್ಚಿ, ಮೊರದಾಗ ಎತ್ತಿ ಊರ ಹೊರಗಿನ ತಿಪ್ಪಿಗೆ. "ನಾಳೆ ತಗದರಾತು" ಅಂದ್ರ ಅವರಿಗೆ ಸಿಟ್ಟ ಬರತಿತ್ತು. "ನಾಳಿಗೆ ಅದು ಹಣ್ಣಾಗತದ" ಅಂತಿದ್ರು. ಹಣ್ಣಾಗೋದು ಅಂದ್ರ ಏನು ಅಂತ ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಈ ಮಾತು ನೆನಪಿಡ್ರಿ, ಮುಂದ ಬರತದ.

ಇಷ್ಟೆಲ್ಲಾ ತ್ರಾಸು ತೊಗೊಂಡು ಬೆಕ್ಕು ಯಾಕ ಇಟಗೊಂಡಿದ್ರು? ಕಾಳಿನ ಸಲುವಾಗಿ. ನಮ್ಮ ಕಡೆ ಜ್ವಾಳಾ ನೆಲದಾಗ ಹಗೇವು ತೋಡಿ ತುಂಬತಿದ್ರು. ಮನ್ಯಾಗ ಕಣಜ, ಅಟ್ಟದ ಮ್ಯಾಲೆ ಚೀಲ. ಕಾಳಿದ್ದಲ್ಲೆ ಇಲಿ, ಇಲಿ ಇದ್ದಲ್ಲೆ ಬೆಕ್ಕು. ಈ ಕತಿ ನಮ್ಮ ಹಳ್ಳೀದಷ್ಟ ಅಲ್ಲ, ಜಗತ್ತಿನ ಕತಿನ ಹಿಂಗ ಸುರು ಆಗ್ಯದ. ಪಶ್ಚಿಮ ಏಷ್ಯಾದಾಗ ಮಂದಿ ಬೇಸಾಯ ಮಾಡಿ ಕಾಳು ಕೂಡಿಡಲಿಕ್ಕೆ ಹತ್ತಿದಾಗ ಇಲಿ ಬಂದ್ವು, ಅವುಗಳ ಹಿಂದ ಕಾಡಬೆಕ್ಕು ಬಂದ್ವು. ಯಾರೂ ಹಿಡದು ತರಲಿಲ್ಲ, ತಾವ ಬಂದು ಉಳದ್ವು. ಸೈಪ್ರಸ್ ಅನ್ನೋ ನಡುಗಡ್ಡ್ಯಾಗ ಸುಮಾರು 9,500 ವರ್ಷದ ಹಿಂದಿನ ಒಂದು ಗೋರಿ ಸಿಕ್ಕದ. ಅದರಾಗ ಮನಶಾನ ಮಗ್ಗಲ ಒಂದು ಬೆಕ್ಕಿನ ಎಲಬು. 2004ರಾಗ ಈ ಸುದ್ದಿ ಹೊರಗ ಬಂತು. ಆ ನಡುಗಡ್ಡ್ಯಾಗ ಕಾಡಬೆಕ್ಕು ಇರಲೇ ಇಲ್ಲ, ಅಂದ್ರ ಯಾರೋ ಅದನ್ನ ದೋಣ್ಯಾಗ ಕೂಡಿಸಿಕೊಂಡು ಹೋಗ್ಯಾರ.

ಇಲಿ ಜೋಡಿ ಬರೋ ರೋಗದ ಕತಿ ನಮ್ಮ ಕಡೆ ಮನಿಮನಿಗೂ ಗೊತ್ತಿತ್ತು. 1896ರಾಗ ಮುಂಬಯಿಗೆ ಪ್ಲೇಗ್ ಬಂತು. 1898ರಾಗ ಹುಬ್ಬಳ್ಳಿಗೆ ಬಂದು ಜೋರಾಗಿ ಬಡೀತು. ಹಾಫ್ಕಿನ್ ಅನ್ನೋ ವಿಜ್ಞಾನಿ ಮುಂಬಯಿಯೊಳಗ ತಯಾರು ಮಾಡಿದ್ದ ಲಸಿ ಹುಬ್ಬಳ್ಳಿಯಾಗ ಸಾವಿರಾರು ಮಂದಿಗೆ ಹಾಕಿದ್ರು. ಉಳದವರು ಊರು ಬಿಟ್ಟು ಹೊಲದಾಗ ಗುಡಸಲಾ ಹಾಕಿಕೊಂಡು ಕುಂತ್ರು. ಮನ್ಯಾಗ ಇಲಿ ಸತ್ತು ಬಿದ್ರ ಗಂಟು ಕಟ್ಟಿ ಹೊರಡೋದು ಅಂತ ನಮ್ಮ ಅಜ್ಜಿ ತಮ್ಮ ಅವ್ವನ ಕಡಿಂದ ಕೇಳಿದ್ದನ್ನ ಹೇಳತಿದ್ರು. ದೇಶದಾಗ ಆ ಬ್ಯಾನಿಗೆ ಸತ್ತವರು ಒಂದು ಕೋಟಿಗೂ ಮಿಕ್ಕಿ.

ಇಲಿ ಸಾಯೋದಕ್ಕೂ ಮಂದಿ ಸಾಯೋದಕ್ಕೂ ಏನು ಗಂಟು ಅಂತ ಡಾಕ್ಟರಗೋಳಿಗೆ ಮೊದಲ ತಿಳಿಲಿಲ್ಲ. ಸಿಮೋಂ ಅನ್ನೋ ಫ್ರೆಂಚ್ ವೈದ್ಯ ಅದ 1898ರಾಗ ಕರಾಚಿಯೊಳಗ ತೋರಿಸಿಕೊಟ್ಟ, ಇಲಿ ಮೈಮ್ಯಾಲಿನ ಚಿಕ್ಕಾಡು ಇಲಿ ಸತ್ತ ಮ್ಯಾಲೆ ಮನಶಾನ ಕಡೆ ಹಾರತದ ಅಂತ. ಹತ್ತು ವರ್ಷದ ಮ್ಯಾಲೆ, 1908ರಾಗ, ನಮ್ಮ ದೇಶದಾಗ ಕೆಲಸ ಮಾಡತಿದ್ದ ಆಂಡ್ರ್ಯೂ ಬುಕಾನನ್ ಅನ್ನೋ ವೈದ್ಯ ಇಂಗ್ಲಂಡದ ವೈದ್ಯರ ಪತ್ರಿಕಾದಾಗ ಒಂದು ಲೇಖನ ಬರದ. ಬೆಕ್ಕು ಹೆಚ್ಚಿದ್ದ ಹಳ್ಳಿಯೊಳಗ ಪ್ಲೇಗ್ ಕಡಿಮಿ, ಅದಕ್ಕ ಮಂದಿ ಬೆಕ್ಕು ಸಾಕಬೇಕು ಅಂತ ಅವನ ವಾದ. ನಮ್ಮ ಮುತ್ತಜ್ಜಿಗೋಳು ಅದನ್ನ ಓದಿರಲಿಲ್ಲ, ಆದ್ರ ಬೆಕ್ಕು ಸಾಕಿದ್ರು. ಹಂಗಂತ ಬೆಕ್ಕನ್ನ ದೇವರು ಮಾಡೋದು ಬ್ಯಾಡ. ಬೆಕ್ಕಿಗೂ ಪ್ಲೇಗ್ ಹತ್ತತದ, ಅದರ ಮೈಯಾಗೂ ಚಿಕ್ಕಾಡು ಇರತಾವ. ಬೆಕ್ಕು ಸಾಕಿದವರು ಚಿಕ್ಕಾಡಿಗೆ ವರ್ಷಾನುಗಟ್ಟಲೆ ಔಷಧ ಹಾಕಿಸಬೇಕು ಅನ್ನೋದಕ್ಕ ಇದೂ ಒಂದು ಕಾರಣ.

ಇನ್ನ ಬೂದಿ ಕತಿ. ಬೂದಿ ಬರೇ ನಮ್ಮ ನವಲಗುಂದದ ಉಪಾಯ ಅಂತ ನಾ ತಿಳಕೊಂಡಿದ್ದೆ. ಹಂಗಲ್ಲ. ಚಳಿ ದೇಶದಾಗ ಮನಿ ಒಳಗ ಬೆಕ್ಕು ಇಟಗೊಂಡವರೂ ಒಂದು ಡಬ್ಬ್ಯಾಗ ಬೂದಿ, ಉಸುಕು ಹಾಕಿ ಇಡತಿದ್ರು. ಬೂದಿ ಹಸಿ ಹೀರತದ, ವಾಸನಿ ಹಿಡೀತದ. ಆದ್ರ ಬೆಕ್ಕು ಅದರಾಗ ಕಾಲಿಟ್ಟು ಬಂದು ಹಾಸಿಗಿ ಮ್ಯಾಲೆ ನಡದ್ರ ಮನಿ ತುಂಬ ಕರೀ ಹೆಜ್ಜಿ. 1947ರ ಜನವರಿಯಾಗ, ನಮಗ ಸ್ವಾತಂತ್ರ್ಯ ಬಂದ ವರ್ಷ, ಅಮೆರಿಕಾದ ಮಿಶಿಗನ್ ರಾಜ್ಯದಾಗ ಹಿಮಾ ಬಿದ್ದು ಉಸುಕೆಲ್ಲಾ ಗಟ್ಟಿಯಾಗಿತ್ತು. ನೆರಮನಿ ಹೆಣಮಗಳೊಬ್ಬಳು ಎಡ್ ಲೋ ಅನ್ನೋ ಹುಡುಗನ ಹಂತ್ಯಾಕ ಬಂದು ಬೆಕ್ಕಿನ ಡಬ್ಬಿಗೆ ಉಸುಕು ಕೇಳಿದಳು. ಅವರಪ್ಪ ಕಾರ್ಖಾನಿಗೆ ಎಣ್ಣಿ ಹೀರೋ ಮಣ್ಣು ಮಾರತಿದ್ದ. ಹುಡುಗ ಅದನ್ನ ಒಂದು ಚೀಲ ಕೊಟ್ಟ. ಆಕಿ ಮತ್ತ ಬಂದು ಅದನ್ನ ಕೇಳಿದಳು, ಆಕಿ ಗೆಳತ್ಯಾರೂ ಬಂದ್ರು. ಅವ ಚೀಲದ ಮ್ಯಾಲೆ "ಕಿಟ್ಟಿ ಲಿಟರ್" ಅಂತ ಬರದು ಮಾರಲಿಕ್ಕೆ ಹತ್ತಿದ. ಇವತ್ತ ನಮ್ಮ ಮಕ್ಕಳು ಆನ್‌ಲೈನಿನ್ಯಾಗ ತರಸೋ ಬೆಕ್ಕಿನ ಮಣ್ಣು ಅಲ್ಲಿಂದ ಬಂದದ್ದು.

ಆ ಮಣ್ಣು ಯಾವದು ಗೊತ್ತದೇನ್ರಿ? ಮುಲ್ತಾನಿ ಮಿಟ್ಟಿ ಜಾತೀದು. ನಾವು ಮಾರಿಗೆ ಹಚ್ಚಿಕೊಂಡು ಕೂಡತೀವಲ್ಲ, ಅದ. ಎಣ್ಣಿ ಹೀರೋ ಗುಣ ಅದಕ್ಕದ, ಮಾರಿ ಎಣ್ಣಿನೂ ಹೀರತದ. ಈಗ ಗಂಟು ಕಟ್ಟೋ ಲಿಟರ್ ಅಂತ ಬರತದ, ಅದು 1980ರ ದಶಕದ್ದು, ಬೆಂಟೊನೈಟ್ ಅನ್ನೋ ಬ್ಯಾರೆ ಮಣ್ಣು. ನೀರು ಬಿದ್ದಲ್ಲೆ ಉಂಡಿ ಕಟ್ಟತದ, ಆ ಉಂಡಿ ಅಷ್ಟ ಎತ್ತಿ ಒಗೀಬಹುದು. ನಾ ಮೊದಲ ಸಲ ಇದನ್ನ ನೋಡಿದಾಗ ನಮ್ಮತ್ತಿ ಮೊರ ನೆನಪಾತು. ಎರಡೂ ಒಂದ ಕೆಲಸ: ಮುಚ್ಚು, ಎತ್ತು, ಅವತ್ತ ಎತ್ತು.

ನಮ್ಮ ಮನ್ಯಾಗ ಬೂದಿ ಹೋದದ್ದು ಗ್ಯಾಸ್ ಒಲಿ ಬಂದಾಗ. ಮಕ್ಕಳ ಸಾಲಿ ಸಲುವಾಗಿ ಧಾರವಾಡಕ್ಕ ಬಂದ್ವಿ. ಸಿಲಿಂಡರ್ ಬಂತು, ಹೊಗಿ ಹೋತು, ಕಣ್ಣು ಉರಿಯೋದು ನಿಂತಿತು. ಅದರ ಜೋಡಿ ಬೂದಿನೂ ಹೋತು, ಹಿತ್ತಲಾನೂ ಹೋತು, ತಿಪ್ಪಿನೂ ಹೋತು. ಮಣ್ಣಿನ ನೆಲದ ಜಾಗಾದಾಗ ಫರಸಿ ಬಂತು. ಈಗ ಬೆಕ್ಕು ಹೊಲಸು ಮಾಡಿದ್ರ ಏನು ಮಾಡೋದು? ಎಲ್ಲಾರೂ ಮಾಡಿದ್ದ ನಾನೂ ಮಾಡಿದೆ. ಫಿನಾಯಿಲ್ ಬಾಟಲಿ ತಂದೆ.

ಫಿನಾಯಿಲಿನ ಹಿಂದನೂ ಒಂದು ದೊಡ್ಡ ಕತಿ ಅದ. 1867ರಾಗ ಲಿಸ್ಟರ್ ಅನ್ನೋ ಶಸ್ತ್ರವೈದ್ಯ ಗಾಯಕ್ಕ ಕಾರ್ಬಾಲಿಕ್ ಆ್ಯಸಿಡ್ ಹಚ್ಚಿದ್ರ ಕೀವು ಆಗಂಗಿಲ್ಲ ಅಂತ ತೋರಿಸಿದ. ದವಾಖಾನಿಯೊಳಗ ಸಾಯೋ ಎಷ್ಟೋ ಮಂದಿ ಅದರಿಂದ ಉಳಕೊಂಡ್ರು. ಕಾರ್ಬಾಲಿಕ್ ಅಂದ್ರ ಫೀನಾಲ್. ಅದರ ಬಳಗದ ಔಷಧಗೋಳು ದವಾಖಾನಿಯಿಂದ ಮನಿ ಬಚ್ಚಲಕ್ಕ ಬಂದ್ವು. ಆ ವಾಸನಿ ಬಂದ್ರ ಮನಿ ಸ್ವಚ್ಛ ಆತು ಅಂತ ನಮ್ಮ ಮೂಗಿಗೆ ರೂಢಿ ಆತು. ಆದ್ರ ಮನಶಾ, ನಾಯಿ ಇವರ ಲಿವರಿಗೆ ಫೀನಾಲ್ ಹೊರಗ ಹಾಕೋ ಶಕ್ತಿ ಎಷ್ಟದನೋ ಅಷ್ಟು ಬೆಕ್ಕಿನ ಲಿವರಿಗಿಲ್ಲ. ಬೆಕ್ಕು ಒರಸಿದ ನೆಲದ ಮ್ಯಾಲೆ ನಡದು ಕಾಲು ನೆಕ್ಕತದ. ದಿನಕ್ಕ ನೂರು ಸಲ ನೆಕ್ಕೋ ಪ್ರಾಣಿ ಅದು.

ಇದು ನನಗ ಹೆಂಗ ಗೊತ್ತಾತು ಅಂದ್ರ, ಒಂದು ಮರಿ ಕಳಕೊಂಡ ಮ್ಯಾಲೆ. ಮಂಗಳಿ ಹಾಕಿದ ಮೂರು ಮರಿಯೊಳಗ ಸಣ್ಣದು ಭಾಳ ಹೊಲಸು ಮಾಡತಿತ್ತು. ದಿನಾ ಎರಡು ಸಲ ಕರೀ ಫಿನಾಯಿಲ್ ಹಾಕಿ ಒರಸತಿದ್ದೆ, ನೀರು ಸೈತ ಸರೀಗೆ ಬೆರಸದ. ಒಂದು ಸಂಜೀಕ ಮರಿ ಜೊಲ್ಲು ಸುರಸಿಕೋತ, ನಡಕ್ಕೋತ ಬಿತ್ತು. ದನದ ದವಾಖಾನಿಗೆ ಒಯ್ಯೋದರಾಗ ಹೋತು. ಡಾಕ್ಟರ್ ಬಾಯಿ ಮೂಸಿ ನೋಡಿ, "ಮನ್ಯಾಗ ಏನು ಹಾಕಿ ಒರಸತೀರಿ ಅವ್ವಾರ?" ಅಂತ ಕೇಳಿದ್ರು. ನಾ ಹೇಳಿದ ಮ್ಯಾಲೆ ಅವರು ಸುಮ್ಮನಾದ್ರು. ಸ್ವಚ್ಛ ಮಾಡಲಿಕ್ಕೆ ಹೋಗಿ ನಾನ ವಿಷಾ ಇಟ್ಟಿದ್ದೆ. ಅರಬಿ ಕಪಾಟಿನ್ಯಾಗ ಇಡೋ ಡಾಂಬರ ಗುಳಿಗಿನೂ ಹಂಗ, ಮಂದಿ ಜ್ವರಕ್ಕ ತೊಗೊಳ್ಳೋ ಪ್ಯಾರಾಸಿಟಮಾಲ್ ಗುಳಿಗಿನೂ ಹಂಗ. ಬೆಕ್ಕಿಗೆ ಒಂದು ಗುಳಿಗಿ ಸಾಕು ಜೀವ ಹೋಗಲಿಕ್ಕೆ. ಬ್ಲೀಚಿಂಗ್ ಪೌಡರ್ ಹಾಕತೀನಂದ್ರ ಅದೂ ಬ್ಯಾಡ. ಬೆಕ್ಕಿನ ಉಚ್ಚಿ ಮ್ಯಾಲೆ ಬ್ಲೀಚ್ ಬಿದ್ರ ಅದರಿಂದ ಏಳೋ ಗಾಳಿ ನಮ್ಮ ಎದಿಗೇ ಕೆಟ್ಟದ್ದು.

ಈಗ ಬೀಗತಿ ಮಾತಿಗೆ ಬರೋಣ. ಬಸುರಿಗೂ ಬೆಕ್ಕಿಗೂ ಏನು ಸಂಬಂಧ? ಅವರು ಅಂದದ್ದು ಪೂರಾ ಸುಳ್ಳಲ್ಲ. ಟಾಕ್ಸೋಪ್ಲಾಸ್ಮಾ ಅಂತ ಕಣ್ಣಿಗೆ ಕಾಣದ ಒಂದು ಜೀವಿ ಅದ. 1908ರಾಗ ಟ್ಯುನಿಸ್ ಊರಾಗ ಇಲಿಯಂಥ ಒಂದು ಕಾಡಪ್ರಾಣಿಯೊಳಗ ಫ್ರೆಂಚ್ ವಿಜ್ಞಾನಿಗೋಳು ಅದನ್ನ ಕಂಡ್ರು. ಅದ ವರ್ಷ ಬ್ರೆಜಿಲಿನ್ಯಾಗ ಒಂದು ಮೊಲದಾಗ ಇನ್ನೊಬ್ಬರು ಕಂಡ್ರು. ಬಿಲ್ಲಿನಂಗ ಬಾಗಿತ್ತಂತ ಗ್ರೀಕ್ ಭಾಷಾದ ಬಿಲ್ಲಿನ ಹೆಸರಿಟ್ರು. ಮೂವತ್ತು ವರ್ಷದ ಮ್ಯಾಲೆ, 1939ರಾಗ, ನ್ಯೂಯಾರ್ಕಿನ ವೈದ್ಯರು ತಿಂಗಳೊಳಗ ತೀರಿಕೊಂಡ ಒಂದು ಕೂಸಿನ ಮೆದುಳಿನ್ಯಾಗ ಇದನ್ನ ಗುರುತಿಸಿದ್ರು. ತಾಯಿ ಹೊಟ್ಟ್ಯಾಗ ಇದ್ದಾಗನ ಕೂಸಿಗೆ ಹತ್ತಿತ್ತು. ಕೂಸಿನ ಕಣ್ಣು, ಮೆದುಳು ಎರಡಕ್ಕೂ ಇದು ಕುತ್ತು ತರತದ. ಅದಕ್ಕ ಇದನ್ನ ಹಗರ ಮಾಡಬಾರದು.

ಆದ್ರ ಅದು ತಾಯಿಗೆ ಎಲ್ಲಿಂದ ಬರತದ ಅನ್ನೋದು ತಿಳೀಲಿಕ್ಕೆ ಮತ್ತ ಮೂವತ್ತು ವರ್ಷ ಹಿಡೀತು. ಸರೀ ಬೇಯಿಸದ ಮಾಂಸದಿಂದ ಬರತದ ಅಂತ 1965ರಾಗ ಪ್ಯಾರಿಸಿನ್ಯಾಗ ಗೊತ್ತಾತು. ಅದ ವರ್ಷ ಗ್ಲಾಸ್ಗೋ ಊರಿನ ಹಚಿಸನ್ ಅನ್ನೋ ವಿಜ್ಞಾನಿ ಬೆಕ್ಕಿನ ಹೊಲಸಿನ್ಯಾಗೂ ಅದನ್ನ ಕಂಡ. 1970ರ ಹೊತ್ತಿಗೆ ಪೂರಾ ಚಕ್ರ ಬಿಚ್ಚಿತು. ಅದನ್ನ ಬಿಚ್ಚಿದವರೊಳಗ ಒಬ್ಬರು ನಮ್ಮ ದೇಶದಾಗ ಹುಟ್ಟಿ ಇಲ್ಲೆ ಪಶುವೈದ್ಯಕೀ ಕಲತ ಜೆ.ಪಿ. ದುಬೆ. ಈ ಜೀವಿ ತತ್ತಿ ಆಗೋದು ಬೆಕ್ಕಿನ ಜಾತಿಯ ಕರುಳಿನ್ಯಾಗ ಅಷ್ಟ. ಬೆಕ್ಕಿಗೆ ಮೊದಲನೇ ಸಲ ಹತ್ತಿದಾಗ ಒಂದರಿಂದ ಮೂರು ವಾರ ಹೊಲಸಿನ್ಯಾಗ ಆ ತತ್ತಿ ಹೊರಗ ಬೀಳತಾವ. ಆಮ್ಯಾಲೆ ಸಾಮಾನ್ಯವಾಗಿ ನಿಲ್ಲತಾವ. ಅಂದ್ರ ಮನಿ ಬಿಡದ, ಇಲಿ ಹಿಡೀದ, ಬೇಯಿಸಿದ್ದ ತಿನ್ನೋ ಬೆಕ್ಕಿನಿಂದ ಹೆದರಿಕಿ ಭಾಳ ಕಡಿಮಿ.

ಇನ್ನ ಅಗದೀ ಮುಖ್ಯ ಮಾತು. ಆ ತತ್ತಿ ಬಿದ್ದ ಕೂಡ್ಲೇ ಯಾರಿಗೂ ಹತ್ತಂಗಿಲ್ಲ. ಹೊರಗಿನ ಗಾಳ್ಯಾಗ ಒಂದರಿಂದ ಐದು ದಿನಾ ಅದು ಬಲೀಬೇಕು, ಆಮ್ಯಾಲೆ ಹತ್ತತದ. ನಾ ಇದನ್ನ ಓದಿದಾಗ ಕೈಯಾಗಿನ ಚಹಾ ತಣ್ಣಗಾತು. "ನಾಳಿಗೆ ಅದು ಹಣ್ಣಾಗತದ" ಅಂತ ನಮ್ಮತ್ತಿ ಅಂತಿದ್ದದ್ದು ಇದನ್ನ! ಅವರಿಗೆ ಸೂಕ್ಷ್ಮದರ್ಶಕ ಇದ್ದಿಲ್ಲ, ಈ ತತ್ತಿ ಹೆಸರೂ ಗೊತ್ತಿದ್ದಿಲ್ಲ. ಆದ್ರ ನೇಮ ಅದ: ಅವತ್ತಿಂದು ಅವತ್ತ. ಇನ್ನೊಂದು ಅಂದ್ರ, ಆ ತತ್ತಿ ಫಿನಾಯಿಲಿಗೆ, ಬ್ಲೀಚಿಗೆ ಸುಲಭ ಸಾಯಂಗಿಲ್ಲ. ಕುದಿಯೋ ನೀರಿಗೆ ಸಾಯತದ. ನಾ ಫಿನಾಯಿಲ್ ಹಾಕಿ ಮರಿ ಕೊಂದೆ, ತತ್ತಿ ಸಾಯತಿದ್ದಿಲ್ಲ.

ಮತ್ತ ಆ ತತ್ತಿ ಮಣ್ಣಾಗ ತಿಂಗಳಾನುಗಟ್ಟಲೆ ಇರತದ. ಅದಕ್ಕ ಸಂತಿಯಿಂದ ತಂದ ಮೆಂತೆ, ಕೊತ್ತಂಬರಿ, ಗಜ್ಜರಿ ತೊಳಿಲಾರದ ತಿಂದ್ರ, ತ್ವಾಟದ ಮಣ್ಣಾಗ ಕೈ ಆಡಿಸಿ ತೊಳಿಲಾರದ ಉಂಡ್ರ, ಮನ್ಯಾಗ ಬೆಕ್ಕು ಇಲ್ಲದವರಿಗೂ ಹತ್ತಬಹುದು. ಬೆಕ್ಕನ್ನ ಹಳ್ಳದ ಆಚಿ ಬಿಟ್ಟು ಬಂದು, ಕಾಯಿಪಲ್ಲೆ ತೊಳಿಲಾರದ ಹೆಚ್ಚಿದ್ರ ಬಸುರಿಗೆ ಏನು ಉಪಕಾರ ಆತು?

ಹಂಗಾದ್ರ ಇಷ್ಟು ಶಾಣ್ಯಾ ನಮ್ಮತ್ತಿ ಗಂಗೀನ್ನ ಯಾಕ ಬಿಡಿಸಿದ್ರು? ಇದನ್ನ ಅವರು ನನಗ ಹೇಳಿದ್ದು ನನ್ನ ಮಗಾ ಹುಟ್ಟಿ ಎರಡು ವರ್ಷ ಆದ ಮ್ಯಾಲೆ, ಒಂದು ಮಧ್ಯಾಹ್ನ ಕಡ್ಲಿ ಸ್ವಚ್ಛ ಮಾಡಿಕೋತ. ಅವರ ಚೊಚ್ಚಲ ಕೂಸು ಹುಟ್ಟಿದ ಎಂಟನೇ ದಿನಾ ಹೋಗಿತ್ತು. ಎದಿಹಾಲು ಹಿಡೀಲಿಲ್ಲ, ಬಾಯಿ ಗಿಟಕ ಬಿತ್ತು, ಮೈ ಸೆಟೀತು. ಹಿಂದಿನ ದಿನಾ ಬಾಣಂತಿ ಕೋಲಿಯೊಳಗ ಬೆಕ್ಕು ಹೊಕ್ಕಿತ್ತು ಅಂತ ಯಾರೋ ಅಂದ್ರು. ಅವತ್ತಿಂದ ಅವರ ಮನಸಿನ್ಯಾಗ ಬೆಕ್ಕು, ಕೂಸು ಎರಡೂ ಒಂದ ಕಡೆ ಇರಬಾರದು.

ಎಂಟನೇ ದಿನಾ, ಬಾಯಿ ಗಿಟಕ, ಮೈ ಸೆಟಿಯೋದು. ಈಗ ಇದನ್ನ ಯಾವ ನರ್ಸ್ ಕೇಳಿದ್ರೂ ಧನುರ್ವಾಯು ಅಂತ ಕೂಡ್ಲೇ ಹೇಳತಾಳ. ಮಣ್ಣಾಗ, ಹೆಂಡ್ಯಾಗ ಇರೋ ಜಂತು ಅದು. ಹೊಕ್ಕಳ ಬಳ್ಳಿ ಕೊಯ್ದ ಜಾಗಾಕ್ಕ ಹೋತಂದ್ರ ಕೂಸು ಉಳಿಯೋದು ಕಠಿಣ. ನಾ ಮೆಲ್ಲಕ ಕೇಳಿದೆ, "ಅತ್ತಿ, ಹೊಕ್ಕಳಕ್ಕ ಏನು ಹಚ್ಚಿದ್ರಿ?" "ಕುಳ್ಳಿನ ಬೂದಿ" ಅಂದ್ರು. "ಎಲ್ಲಾರೂ ಅದನ್ನ ಹಚ್ಚತಿದ್ರು." ಅಷ್ಟ ಹೇಳಿ ಕಡ್ಲಿ ಕಡೆ ನೋಡಿದ್ರು. ನಾ ಮುಂದ ಏನೂ ಹೇಳಲಿಲ್ಲ. ಯಾವ ಬೂದಿಯಿಂದ ನೆಲಾ ಸ್ವಚ್ಛ ಇಟ್ಟಿದ್ರೋ ಅದ ಬೂದಿ. ನೆಲಕ್ಕ ಛಲೋದಾದದ್ದು ಗಾಯಕ್ಕ ಛಲೋದಾಗಬೇಕಂತಿಲ್ಲ. ಬಸುರಿಗೆ ಟಿ.ಟಿ. ಇಂಜೆಕ್ಷನ್, ದವಾಖಾನಿ ಹೆರಿಗಿ, ಹೊಸಾ ಬ್ಲೇಡು ಇವು ಬಂದು ಊರೂರಿಗೆ ಮುಟ್ಟಿ, 2015ರಾಗ ನಮ್ಮ ದೇಶ ತಾಯಿ-ಕೂಸಿನ ಧನುರ್ವಾಯು ನಿರ್ಮೂಲ ಮಾಡಿದ ದೇಶ ಅಂತ ಅನಿಸಿಕೊಂತು. ಗಂಗಿ ಮ್ಯಾಲೆ, ಅದಕ್ಕೂ ಮೊದಲಿನ ಬೆಕ್ಕಿನ ಮ್ಯಾಲೆ ಬಂದ ಅಪವಾದ ಮಾತ್ರ ಹಂಗ ಉಳೀತು.

ನಮ್ಮ ಕಡೆ ಕೂಸು ಹುಟ್ಟಿದ ಆರನೇ ರಾತ್ರಿ ಶೆಟಿಗೆವ್ವ ಬಂದು ಹಣ್ಯಾಗ ಬರದು ಹೋಗತಾಳ ಅಂತೀವಿ. ಬಂಗಾಲದಾಗ ಆಕೀನ್ನ ಷಷ್ಠಿ ಅಂತಾರ. ಅಲ್ಲೆ ಆಕಿ ಏರಿ ಬರೋ ವಾಹನ ಬೆಕ್ಕು. ಕೂಸಿನ ಕಾಯೋ ದೇವಿಗೆ ಬೆಕ್ಕು ಬೇಕು, ನಮಗ ಬ್ಯಾಡ.

ಸೊಸೀನ್ನ ಕರಕೊಂಡು ಡಾಕ್ಟರ ಹಂತ್ಯಾಕ ಹೋದ್ವಿ. ಬೆಕ್ಕು ಅವ ಅಂತ ಮುಚ್ಚಿಡಲಾರದ ಹೇಳಿದ್ವಿ. ರಕ್ತ ಪರೀಕ್ಷಾ ಮಾಡಿಸಿದ್ರು. ಮೊದಲ ಎಂದರೆ ಹತ್ತಿ ಹೋಗಿದ್ರ ಮೈಯಾಗ ತಡೆ ಇರತದಂತ. ಸೊಸಿಗೆ ಎಂದೂ ಹತ್ತಿಲ್ಲ. ಅಂದ್ರ ಈಗ ಹತ್ತಗೊಡಬಾರದು. ಡಾಕ್ಟರಬಾಯಿ ಹೇಳಿದ್ದು ಇಷ್ಟ: ಬೆಕ್ಕು ಬಿಡೋದು ಬ್ಯಾಡ, ಆದ್ರ ಆಕಿ ಬೆಕ್ಕಿನ ಡಬ್ಬಿ ಮುಟ್ಟಬಾರದು, ದಿನಾ ತಪ್ಪದ ಬ್ಯಾರೆ ಯಾರರೆ ಎತ್ತಬೇಕು, ಕಾಯಿಪಲ್ಲೆ ಛಲೋತ್ನ್ಯಾಗಿ ತೊಳೀಬೇಕು, ಮಣ್ಣಿನ ಕೆಲಸಕ್ಕ ಕೈಚೀಲ ಹಾಕಿಕೋಬೇಕು, ಹಸಿ ಹಾಲು ಬ್ಯಾಡ. ನಿಮ್ಮ ಮನ್ಯಾಗೂ ಬಸುರಿ ಇದ್ರ ಬೆಕ್ಕಿನ ವಿಷಯ ಡಾಕ್ಟರಗೆ ಹೇಳಿ, ಅವರು ಹೇಳಿದಂಗ ಮಾಡ್ರಿ.

"ಬ್ಯಾರೆ ಯಾರರೆ" ಅಂದಾಗ ನಾ ನನ್ನ ಮಗನ ಮಾರಿ ನೋಡಿದೆ. ಈ ಇತಿಹಾಸದಾಗ ಒಂದು ಮಾತು ಯಾರೂ ಬರದಿಲ್ಲ. ಬೂದಿ ಹಾಕಿ ಎತ್ತಿದವರು ಯಾವಾಗಲೂ ಹೆಂಗಸರು. ಬಸುರಿ ಇದ್ದಾಗನೂ ನಾನ ಎತ್ತಿದೆ, ನಮ್ಮತ್ತಿನೂ ಎತ್ತಿದ್ರು. ಬೆಕ್ಕು ಹೊರಗ ಹಾಕೋ ವಿಚಾರ ಎಲ್ಲಾರಿಗೂ ಬಂತು, ಕೆಲಸ ಗಂಡಸರ ಕೈಗೆ ಹಾಕೋ ವಿಚಾರ ಯಾರಿಗೂ ಬರಲಿಲ್ಲ. ಈಗ ನನ್ನ ಮಗಾ ಮುಂಜಾನೆ ಆರಕ್ಕ ಎದ್ದು ಐದು ಡಬ್ಬಿ ಎತ್ತತಾನ. ಮೊದಲ ವಾರ ಮೂಗಿಗೆ ಅರಬಿ ಕಟಗೊಂಡಿದ್ದ. ಈಗ ಬಿಟ್ಟಾನ.

ನಾಕು ಬೆಕ್ಕಿಗೆ ಐದು ಡಬ್ಬಿ ಯಾಕಂದ್ರ, ಬೆಕ್ಕು ಎಷ್ಟೋ ಅದಕ್ಕಿಂತ ಒಂದು ಹೆಚ್ಚಿಗೆ ಇರಬೇಕು. ಇಲ್ಲಂದ್ರ ಒಂದು ಇನ್ನೊಂದರ ಡಬ್ಬಿಗೆ ಹೋಗಲಾರದ ಮೂಲ್ಯಾಗ ಮಾಡತದ. ಎಲ್ಲಾಕ್ಕೂ ಆಪರೇಷನ್ ಮಾಡಿಸೀವಿ, ಅದರಿಂದ ಗುಂಡ ಗೋಡಿಗೆ ಸಿಂಪಡಿಸೋದು ನಿಂತದ, ಮರಿಗಳ ತಾಪನೂ ಇಲ್ಲ. ಎತ್ತಿದ ಲಿಟರ್ ಚೀಲದಾಗ ಕಟ್ಟಿ ಕಸದ ಗಾಡಿಗೆ, ಕೈತ್ವಾಟದ ಗೊಬ್ಬರಕ್ಕ ಎಂದೂ ಹಾಕಂಗಿಲ್ಲ. ವಾರಕ್ಕೊಂದು ಸಲ ಡಬ್ಬಿಗೆ ಕುದಿಯೋ ನೀರು. ನೆಲಕ್ಕ ಬಿಸಿನೀರು, ಸ್ವಲ್ಪ ಸಾಬೂನು, ಉಚ್ಚಿ ವಾಸನಿಗೆ ಅಡಗಿ ಸೋಡಾ. ಕೌದಿ ಬಿಸಲಿಗೆ. ಕೆಮ್ಮು ದಮ್ಮಿದ್ದವರು ಬಂದ್ರ ಮಲಗೋ ಕೋಲಿಗೆ ಬೆಕ್ಕು ಬಿಡಂಗಿಲ್ಲ. ದಮ್ಮು ಬರೋದು ಕೂದಲಾ ನುಂಗಿ ಅಲ್ಲ, ಬೆಕ್ಕಿನ ಜೊಲ್ಲು, ಚರ್ಮದ ಒಂದು ಪ್ರೋಟೀನಿನಿಂದ. ಅದು ಒಣಗಿ ಧೂಳಾಗಿ ಹಾರತದ, ಅದಕ್ಕ ಕಸಬರಿಗಿಗಿಂತ ಹಸಿ ಅರಬಿ ಛಲೋ.

ರಾಜಾನ ಸಲುವಾಗಿ ಒಂದು ಮಾತು. ನಾಯಿ ಕಡದ್ರ ಹೊಟ್ಟಿಗೆ ಹದಿನಾಕು ಇಂಜೆಕ್ಷನ್ ಅನ್ನೋ ಅಂಜಿಕಿಯೊಳಗ ನಾವು ಬೆಳದವರು. 1911ರಾಗ ಸೆಂಪಲ್ ಅನ್ನೋ ವೈದ್ಯ ಕಸೌಲಿಯೊಳಗ ಮಾಡಿದ ಲಸಿ ಅದು, ಕುರಿ ಮೆದುಳಿನಿಂದ ತಯಾರಾಗತಿತ್ತು. 2005ರ ಹೊತ್ತಿಗೆ ಅದು ನಿಂತು ಈಗ ತೋಳಿಗೆ ನಾಕೈದು ಸಣ್ಣ ಸೂಜಿ ಅಷ್ಟ. ನಾಯಿಗೂ ಬೆಕ್ಕಿಗೂ ವರ್ಷಕ್ಕೊಂದು ಸಲ ಹುಚ್ಚಿನ ಲಸಿ ಹಾಕಸತೀವಿ. ಬೆಕ್ಕು ಪರಚಿದ್ರೂ, ಕಡದ್ರೂ ಹದ್ನೈದು ನಿಮಿಷ ಸಾಬೂನು ಹಚ್ಚಿ ಹರಿಯೋ ನೀರಾಗ ತೊಳದು ದವಾಖಾನಿಗೆ ಹೋಗಬೇಕು. ಅರಿಷಿಣ, ಸುಣ್ಣ, ಬೂದಿ ಒತ್ತಬ್ಯಾಡ್ರಿ.

ಬೀಗತಿಗೆ ಇದನ್ನೆಲ್ಲಾ ಫೋನಿನ್ಯಾಗ ಹೇಳಿದೆ. ಭಾಳ ಹೊತ್ತು ಸುಮ್ಮನಿದ್ರು. ಆಮ್ಯಾಲೆ, "ದಿನಾ ಅಳಿಯಂದಿರ ಎತ್ತತಾರೇನ್ರಿ?" ಅಂತ ಕೇಳಿದ್ರು. ಹೂಂ ಅಂದೆ. "ನಾ ಬಂದು ನೋಡತೀನಿ" ಅಂದ್ರು. ನೋಡಲಿ, ಅವರ ಮಗಳು, ಅವರ ಅಂಜಿಕಿ ಖರೇ ಅದ. ನಮ್ಮತ್ತಿ ಅಂಜಿಕಿನೂ ಖರೇ ಇತ್ತು. ಅದು ಯಾರ ಮ್ಯಾಲೆ ಹೋಗಿ ಬಿತ್ತು ಅನ್ನೋದ ನನಗ ಇವತ್ತಿಗೂ ಸಂಕಟ.

ಏಳನೇ ತಿಂಗಳದಾಗ ಕುಬಸ ಇಟಗೊಂಡೀವಿ, ತಾರೀಖು ಆಮ್ಯಾಲೆ ತಿಳಸತೀನಿ. ನೀವೆಲ್ಲಾರೂ ಬರಬೇಕು. ಬರೋವಾಗ ತಲಬಾಗಲಾ ಸಾವಕಾಶ ತಗೀರಿ, ತಗದ ಕೂಡ್ಲೇ ಹಾಕಿಕೊಳ್ರಿ. ಕರಿಯ ಕಾಲಾಗ ನುಸುಳಿ ರಸ್ತೆಕ್ಕ ಓಡತಾನ, ಮತ್ತ ಹುಡುಕಿಕೋತ ಹೋಗಬೇಕಾಗತದ.